ಬೆಟ್ಟವಿಲ್ಲದ ಊರಿನ ತುತ್ತತುದಿ

ಬೀದರಿನಲ್ಲಿ ಹತ್ತಿ ನಿಲ್ಲಲು ಒಂದು ಶಿಖರವೂ ಇಲ್ಲ. ಆದರೆ ಮೇ ತಿಂಗಳ ಒಂದು ಮಧ್ಯಾಹ್ನ ಸೂರ್ಯನೇ ಬಂದು ಊರಿನ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆತ್ತಿ, ಜುಟ್ಟು, ಕಳಸ, ತಾರಕ, ಜವಾಲ್... ಏರಿದ್ದನ್ನು ಹೇಳುವ ಮಾತುಗಳ ಬೆನ್ನು ಹತ್ತಿ ಒಂದು ಸುಡುಬಿಸಿಲಿನ ಸುತ್ತಾಟ.

ಬೀದರಿನ ಮೈಲೂರಿನ ಒಂದು ಮನೆಯ ಮಾಳಿಗೆಗೆ ಬರಿಗಾಲಲ್ಲಿ ಹೋದರೆ ಅಂಗಾಲು ಚುರ್ ಎನ್ನುತ್ತದೆ. ಮೇ ತಿಂಗಳ ಎರಡನೇ ವಾರ. ಗಡಿಯಾರದಲ್ಲಿ ಹನ್ನೆರಡು ದಾಟಿ ಹತ್ತು ನಿಮಿಷ. ಓಣಿಯಲ್ಲಿ ನರಪಿಳ್ಳೆಯಿಲ್ಲ. ನಾಯಿಗಳು ನಿಂತ ಟ್ರ್ಯಾಕ್ಟರಿನ ಟ್ರಾಲಿಯಡಿ ಸೇರಿಕೊಂಡಿವೆ. ಕುಂಬಿಯ ಮೇಲೆ ಜೋಳ ಅಳೆಯುವ ಹಳೆಯ ಸೇರೊಂದನ್ನು ಬೋರಲು ಹಾಕಿ, ತಲೆಗೆ ಒದ್ದೆ ಟವಲು ಸುತ್ತಿಕೊಂಡು, ಒಬ್ಬ ಮುತ್ಯಾ ಮತ್ತು ಏಳನೇ ಇಯತ್ತೆಯ ಮೊಮ್ಮಗ ಅದನ್ನೇ ದಿಟ್ಟಿಸುತ್ತಿದ್ದಾರೆ.

ಹತ್ತು ಗಂಟೆಗೆ ಸೇರಿನ ನೆರಳು ಪಡುವಣಕ್ಕೆ ನಾಲ್ಕು ಬೆರಳಷ್ಟು ಚಾಚಿತ್ತು. ಹನ್ನೊಂದಕ್ಕೆ ಎರಡು ಬೆರಳಾಯಿತು. ಈಗ ಕೂದಲೆಳೆಯಷ್ಟು ಕಪ್ಪು ಅಂಚು. ನೋಡನೋಡುತ್ತ ಅದೂ ಇಲ್ಲ.

“ಮುತ್ಯಾ, ನೆಳ್ಳು ಎಲ್ಲಿ ಹೋಯ್ತು?”

“ಎಲ್ಲಿ ಹೋಗ್ತದೋ? ಸೇರಿನ ಕೆಳಗೇ ಅದ. ಸೂರ್ಯ ನೆತ್ತಿ ಮ್ಯಾಗ ಬಂದಾನ.”

ಪಕ್ಕದ ಮಾಳಿಗೆಯಲ್ಲಿ ಒಣಹಾಕಿದ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದ ಚಾಚಾ ಗೋಡೆಯಾಚೆಯಿಂದ ಇಣುಕಿದರು. “ಜವಾಲ್ ಅದ ಈಗ. ಜರಾ ತಡೀರಿ, ಹೊರಳ್ತದ.”

ಒಂದೇ ಗಳಿಗೆ, ಒಂದೇ ಸೂರ್ಯ, ನಡುವೆ ಮೊಳಕಾಲೆತ್ತರದ ಗೋಡೆ. ಈ ಕಡೆಯವರು ಏರಿದ್ದನ್ನು ಹೇಳಿದರು, ಆ ಕಡೆಯವರು ಇಳಿಯುವುದನ್ನು ಹೇಳಿದರು. ಇಬ್ಬರೂ ಹೇಳಿದ್ದು ಒಂದನ್ನೇ. ನನ್ನ ಕುತೂಹಲ ಶುರುವಾದದ್ದು ಅಲ್ಲಿಂದ.

ಕಾಲಡಿಗೆ ಬಂದ ನೆರಳು

‘ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ’ ಎಂದು ಶಾಲೆಯಲ್ಲಿ ಕಲಿತದ್ದು ಮುಕ್ಕಾಲು ಸುಳ್ಳು. ವರ್ಷದ ಹೆಚ್ಚಿನ ದಿನ ಅವನು ನೆತ್ತಿಯಿಂದ ಒಂದಿಷ್ಟು ತೆಂಕಣಕ್ಕೋ ಬಡಗಣಕ್ಕೋ ಸರಿದೇ ಹಾದುಹೋಗುತ್ತಾನೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ ವರ್ಷಕ್ಕೆ ಎರಡು ದಿನ ಅವನು ನಿಜಕ್ಕೂ ತಲೆಯ ಮೇಲೆ ಬಂದು ನಿಲ್ಲುವ ಭಾಗ್ಯ. ದಿಲ್ಲಿಗೆ ಅದೂ ಇಲ್ಲ. ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳಿರದು. ‘ಶೂನ್ಯ ನೆರಳಿನ ದಿನ’ ಎಂದು ಈಚಿನ ವರ್ಷಗಳಲ್ಲಿ ಶಾಲೆಗಳು, ತಾರಾಲಯಗಳು ಇದನ್ನು ಸಣ್ಣ ಹಬ್ಬದಂತೆ ಮಾಡುತ್ತಿವೆ.

ಈ ಹಬ್ಬ ಕರ್ನಾಟಕದಲ್ಲಿ ತೆಂಕಣದಿಂದ ಬಡಗಣಕ್ಕೆ ನಡೆದು ಬರುತ್ತದೆ. ಬೆಂಗಳೂರಿಗೆ ಏಪ್ರಿಲ್ 24ರ ಹೊತ್ತಿಗೆ ಬಂದ ಸೂರ್ಯ ಬೀದರಿನ ನೆತ್ತಿ ಮುಟ್ಟಲು ಮತ್ತೆ ಎರಡೂವರೆ ವಾರ ತೆಗೆದುಕೊಳ್ಳುತ್ತಾನೆ. ರಾಜ್ಯದ ಜಿಲ್ಲಾ ಕೇಂದ್ರಗಳಲ್ಲಿ ಕೊನೆಯ ಪಾಳಿ ನಮ್ಮದು.

> ಗಡಿಯಾರದ ಹನ್ನೆರಡಲ್ಲ!
> ಬೀದರಿನ ಅಕ್ಷಾಂಶ ಸುಮಾರು 17.9 ಡಿಗ್ರಿ ಉತ್ತರ. ಸೂರ್ಯ ಅಷ್ಟು ಬಡಗಣಕ್ಕೆ ಬರುವುದು ಮೇ 11–12ರ ಸುಮಾರಿಗೆ. ಮರಳಿ ಹಾಯುವುದು ಆಗಸ್ಟ್ ಮೊದಲ ದಿನಗಳಲ್ಲಿ, ಆಗ ಮೋಡದ್ದೇ ಕಾಟ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೀದರ್ ಅದಕ್ಕಿಂತ ಐದು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಮೇ ತಿಂಗಳಲ್ಲಿ ಇಲ್ಲಿ ನಿಜವಾದ ನಡುಹಗಲು ಆಗುವುದು ಹನ್ನೆರಡು ಗಂಟೆ ಹದಿನಾರು ನಿಮಿಷದ ಸುಮಾರಿಗೆ.

ತಲೆಗಿಂತ ದೊಡ್ಡ ಬೆಟ್ಟವಿಲ್ಲ

ಮುತ್ಯಾ ಬಳಸಿದ ಮಾತನ್ನು ನೋಡಿ. ನೆತ್ತಿ. ಇದು ಮೊದಲಿಗೆ ಆಕಾಶದ ಮಾತಲ್ಲ, ಎಣ್ಣೆಯ ಮಾತು. ಹಸುಗೂಸಿನ ತಲೆಯ ನಡುವೆ ಮೆತ್ತಗೆ ಮಿಡಿಯುವ ಜಾಗಕ್ಕೆ ಆಯಿ ಅಂಗೈಯಲ್ಲಿ ಎಣ್ಣೆ ತುಂಬಿ ಒತ್ತುತ್ತಾಳಲ್ಲ, ಅದು ನೆತ್ತಿ. ಊಟ ಮಾಡುವಾಗ ಅಗಳು ತಪ್ಪುದಾರಿ ಹಿಡಿದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿದರು’. ಸೊಕ್ಕು ಹೆಚ್ಚಾದರೆ ‘ಪಿತ್ತ ನೆತ್ತಿಗೇರಿದೆ’. ಅಲ್ಲಿಂದಲೇ ಅದು ಬೆಟ್ಟಕ್ಕೂ ಸೂರ್ಯನಿಗೂ ಹೋಗಿದೆ: ಬೆಟ್ಟದ ನೆತ್ತಿ, ನಡುನೆತ್ತಿಯ ಸೂರ್ಯ. ವಿಜ್ಞಾನದ ಪಠ್ಯಗಳಲ್ಲಿ ಇದೇ ಬಿಂದುವಿಗೆ ‘ಖಮಧ್ಯ’ ಎಂಬ ಹೆಸರಿದೆ. ‘ಖ’ ಎಂದರೆ ಆಕಾಶ. ಸರಿಯಾದ ಪದವೇ. ಆದರೆ ಖಮಧ್ಯಕ್ಕೆ ಎಣ್ಣೆ ಹಚ್ಚಲಾಗದು.

ನಾವು ಎತ್ತರವನ್ನು ಮೊದಲು ಅಳೆದದ್ದು ನಮ್ಮ ತಲೆಯಿಂದಲೇ ಇರಬೇಕು. ಸಂಸ್ಕೃತದ ‘ಶಿಖರ’ ಇರುವುದು ‘ಶಿಖೆ’ಯ ಮನೆತನದಲ್ಲಿ, ಶಿಖೆ ಎಂದರೆ ಜುಟ್ಟು. ಬೀದರಿನ ಓಣಿಯಲ್ಲಿ ಓಡಾಡುವ ಉಳಿದ ಭಾಷೆಗಳನ್ನು ಕೇಳಿದರೆ ಅವೂ ತಲೆಯನ್ನೇ ಮುಟ್ಟಿ ತೋರಿಸುತ್ತವೆ. ಉರ್ದುವಿನ ‘ಚೋಟಿ’ ಹೆಂಗಸಿನ ಜಡೆಯೂ ಹೌದು, ಪರ್ವತದ ತುದಿಯೂ ಹೌದು. ಮರಾಠಿಯ ‘ಶೆಂಡಿ’ ಜುಟ್ಟು, ‘ಶೆಂಡಾ’ ಗಿಡದ ತುದಿ. ತೆಲುಗಿನ ‘ಕೊಪ್ಪು’ ಹೆಣ್ಣಿನ ತುರುಬು ಮತ್ತು ಮನೆಯ ಮೇಲ್ಚಾವಣಿಯ ಏಣು. ತಮಿಳು–ಮಲಯಾಳಗಳ ಕಡೆ ‘ಮುಡಿ’ ಕೂದಲ ಗಂಟಿನಿಂದ ಬೆಟ್ಟದವರೆಗೂ ಹೋಗಿದೆ. ದಕ್ಷಿಣ ಭಾರತದ ಅತಿ ಎತ್ತರದ ಬೆಟ್ಟ, ಕೇರಳದ 2,695 ಮೀಟರಿನ ಆನಮುಡಿಯ ಹೆಸರಲ್ಲಿ ಇರುವುದು ಅದೇ. ನೇಪಾಳದವರು ಎವರೆಸ್ಟನ್ನು ಕರೆಯುವ ‘ಸಾಗರಮಾಥಾ’ದಲ್ಲೂ ‘ಮಾಥಾ’ ಎಂದರೆ ತಲೆ, ಹಣೆ.

ಎಷ್ಟೆತ್ತರ ಹತ್ತಿದರೂ ಮನುಷ್ಯ ಕಂಡದ್ದು ತನ್ನದೇ ತಲೆ!

ತಲೆಯಿಲ್ಲದ ಕಡೆ ಕೊಂಬು. ‘ಕೋಡು’ ಎಂದರೆ ದನದ ಕೊಂಬೂ ಹೌದು, ಬೆಟ್ಟದ ಕಲ್ಲುತುದಿಯೂ ಹೌದು. ಕೋಡುಗಲ್ಲು ಎನ್ನುವುದು ಅದಕ್ಕೇ. ಹಾಗೆಂದು ‘ಅವನಿಗೇನು ಕೋಡು ಮೂಡಿದೆಯೆ’ ಎಂದು ಕೇಳಿದರೆ ಹೊಗಳಿಕೆಯಲ್ಲ.

ತಪ್ಪು ಓದಿನಿಂದ ಬಂದ ತುದಿ

ಈಗ ಗೋಡೆಯಾಚೆಯ ಚಾಚಾ ಹೇಳಿದ ಮಾತು. ಅರಬಿ ಮೂಲದ ‘ಜವಾಲ್’ ಎಂದರೆ ಇಳಿಯುವಿಕೆ, ವಾಲುವಿಕೆ. ಸೂರ್ಯ ನೆತ್ತಿಯಲ್ಲಿ ನಿಂತ ಆ ಕೆಲವು ನಿಮಿಷ ನಮಾಜು ಮಾಡುವುದಿಲ್ಲ; ಅವನು ಪಡುವಣಕ್ಕೆ ವಾಲಿದ ಮೇಲೆಯೇ ನಡುಹಗಲ ನಮಾಜಿನ ಹೊತ್ತು ತೆರೆಯುತ್ತದೆ. ಹಾಗಾಗಿ ನಮ್ಮ ಕಡೆ ಆಡುಮಾತಿನಲ್ಲಿ ಆ ತಡೆದು ನಿಲ್ಲುವ ಗಳಿಗೆಗೇ ‘ಜವಾಲ್’ ಎಂಬ ಹೆಸರು ನಿಂತಿದೆ. ಅದೇ ಪದವನ್ನು ಇತಿಹಾಸದ ಪುಸ್ತಕದಲ್ಲಿ ಓದಿದರೆ ರಾಜ್ಯದ ಪತನ. ಅದರ ಜೋಡಿಪದ ‘ಉರೂಜ್’, ಏಳಿಗೆ. ಉರ್ದು ಬಲ್ಲವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಉರೂಜ್–ಓ–ಜವಾಲ್ ಎಂದು.

ಮುತ್ಯಾನ ಪಂಚಾಂಗದಲ್ಲಿ ಇದೇ ಹೊತ್ತಿಗೆ ಬೇರೆ ಮರ್ಯಾದೆ. ಹಗಲನ್ನು ಹದಿನೈದು ಮುಹೂರ್ತವಾಗಿ ಹಂಚಿದರೆ ನಟ್ಟನಡುವಿನ ಎಂಟನೆಯದು ‘ಅಭಿಜಿತ್’. ಯಾವ ಮುಹೂರ್ತವೂ ಕೂಡಿಬರದಿದ್ದರೆ ಇದಿದೆಯಲ್ಲ ಎನ್ನುವಷ್ಟು ಶುಭ. ಒಬ್ಬರು ಕೈಕಟ್ಟಿ ತಡೆಯುವ ಗಳಿಗೆಯಲ್ಲಿ ಇನ್ನೊಬ್ಬರು ಬಾಗಿಲ ಪೂಜೆ ಮಾಡುತ್ತಾರೆ. ಓಣಿಗೆ ಇದರಿಂದ ಎಂದೂ ತೊಂದರೆಯಾದದ್ದಿಲ್ಲ.

ಯುರೋಪಿನವರಿಗೂ ಈ ಬಿಂದುವಿನ ಹೆಸರು ಅರಬಿಯಿಂದಲೇ ಹೋಯಿತು, ಅದೂ ಎಡವಿಕೊಂಡು. ಅರಬಿ ಖಗೋಳಿಗರು ಇದನ್ನು ‘ಸಮ್ತ್ ಅರ್–ರಾಸ್’ ಎಂದರು, ತಲೆಯ ಮೇಲಣ ದಾರಿ ಎಂದು. ಅಲ್ಲೂ ತಲೆಯೇ! ಮಧ್ಯಯುಗದ ಲ್ಯಾಟಿನ್ ಲಿಪಿಕಾರರ ಕೈಯಲ್ಲಿ ‘ಸಮ್ತ್’ನ ‘ಮ’ಕಾರದ ಗೀಟುಗಳು ‘ನಿ’ಯಂತೆ ಕಂಡು ‘ಸೆನಿತ್’ ಆಯಿತು. ಅದೇ ಇಂದಿನ ‘ಜೆನಿತ್’. ಜಗತ್ತಿನ ಕಂಪನಿಗಳೆಲ್ಲ ಹೆಮ್ಮೆಯಿಂದ ಇಟ್ಟುಕೊಳ್ಳುವ ಹೆಸರು ಮೂಲದಲ್ಲಿ ಒಂದು ಕೈತಪ್ಪು.

ಕಿರೀಟದ ತಗ್ಗು

ಬೀದರನ್ನು ‘ಕರ್ನಾಟಕದ ಕಿರೀಟ’ ಎನ್ನುವ ರೂಢಿಯಿದೆ. ಭಾಷಣಕಾರರಿಗೆ ಇದಿಲ್ಲದೆ ಶುರುವಾಗುವುದಿಲ್ಲ. ಕಿರೀಟ ಕೂತಿರುವುದು ನಕಾಶೆಯಲ್ಲಿ; ಉತ್ತರವನ್ನು ಕಾಗದದ ಮೇಲ್ತುದಿಗೆ ಇಡುವ ಪದ್ಧತಿಯಿಂದ ಬಂದ ಪದವಿ ಅದು. ನೆಲದ ಲೆಕ್ಕ ಹಿಡಿದರೆ ಕಿರೀಟವೇ ಬೆಂಗಳೂರಿಗಿಂತ ಇನ್ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಆದರೂ ಬೆಂಗಳೂರಿನ ಕಚೇರಿಗಳಲ್ಲಿ ‘ಮೇಲೆ ಬೀದರ್ ಕಡೆ ಹಾಕಿದ್ದಾರೆ’ ಎಂದು ವರ್ಗಾವಣೆಯಾದವರು ನಿಟ್ಟುಸಿರು ಬಿಡುವುದನ್ನು ಕೇಳಿದ್ದೇನೆ. ಮೇಲೆ ಹೋದವರ ಮುಖ ಅಷ್ಟು ಬಾಡಿದ್ದನ್ನು ಬೇರೆಲ್ಲೂ ಕಂಡಿಲ್ಲ.

ಊರು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಅದರಡಿ ಕಪ್ಪು ಕಲ್ಲು. ಮಳೆನೀರು ಕೆಂಪು ಕಲ್ಲಿನಲ್ಲಿ ಇಂಗಿ ಕಪ್ಪು ಕಲ್ಲಿಗೆ ಬಡಿದು ಪಕ್ಕಕ್ಕೆ ಒಸರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ಭಕ್ತರು ನಡೆಯುವುದು ಇದೇ ಒಸರಿನಲ್ಲಿ. ಮೇಲೆ ನಿಂತರೆ ಎಲ್ಲ ಸಪಾಟು. ಮೈಲೂರಿನಿಂದ ಕೋಟೆಯವರೆಗೆ ಸೈಕಲ್ ತುಳಿದರೆ ಎತ್ತರದಲ್ಲಿದ್ದೇವೆ ಎಂಬುದೇ ತಿಳಿಯದು. ಕೋಟೆಯ ಬಡಗಣ ಅಂಚಿಗೆ ಹೋಗಿ ಇಣುಕಿದಾಗ ಮಾತ್ರ ನೆಲ ಸರಕ್ಕನೆ ಜಾರಿ, ಕೆಳಗೆ ಮಾಂಜ್ರಾ ಕಡೆಯ ಬಯಲು ತೆರೆದುಕೊಂಡು, ಓಹೋ ನಾವು ಮ್ಯಾಲ ಇದ್ದೇವೆ ಎಂದು ಅರಿವಾಗುತ್ತದೆ. ಇಲ್ಲಿ ಎತ್ತರ ತಿಳಿಯುವುದು ಏರಿದವನಿಗಲ್ಲ, ಅಂಚಿಗೆ ಹೋದವನಿಗೆ.

ಕನ್ನಡದ ಒಂದು ಹಳೆಯ ಮಾತಿಗೆ ಇದು ಮೊದಲೇ ಗೊತ್ತಿತ್ತು: ‘ತುದಿ’. ಬೆಟ್ಟಕ್ಕೂ ತುದಿ, ಹಗ್ಗಕ್ಕೂ ತುದಿ, ನಾಲಿಗೆಗೂ ತುದಿ. ಮೇಲಿನದು, ಕೊನೆಯದು ಎಂಬ ಭೇದವೇ ಅದಕ್ಕಿಲ್ಲ. ಸಾಲದು ಎನಿಸಿದಾಗ ಅದನ್ನೇ ಎರಡು ಸಲ ಹೇಳಿದೆವು. ತುದಿ ತುದಿ ಸೇರಿ ತುತ್ತತುದಿ. ಕಡೆ ಕಡೆ ಸೇರಿ ಕಟ್ಟಕಡೆ. ನಡು ನಡು ಸೇರಿ ನಟ್ಟನಡು. ಬಯಲು ಬಯಲು ಸೇರಿ ಬಟ್ಟಬಯಲು. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿಯ ಪಾಠ ಓದಿದವರಿಗೆ ಈ ಸಾಲು ಬಾಯಿಪಾಠ. ಶಿಖರಕ್ಕೂ ಬಯಲಿಗೂ ಒಂದೇ ಅಚ್ಚು ಎಂಬುದನ್ನು ಮಾತ್ರ ನಮ್ಮ ಮೇಷ್ಟ್ರು ಹೇಳಿರಲಿಲ್ಲ.

ಇನ್ನೊಂದು ತಮಾಷೆ. ಬೀದರಿನವರು ‘ಮಾಡುತ್ತಿದ್ದೇನೆ’ ಎನ್ನುವುದಿಲ್ಲ, ‘ಮಾಡ್ಲತ್ತೀನಿ’ ಎನ್ನುತ್ತಾರೆ. ಬಿಡಿಸಿದರೆ ‘ಮಾಡಲು ಹತ್ತಿದ್ದೇನೆ’. ಉಣ್ಣಲು ಹತ್ತುತ್ತೇವೆ, ಮಲಗಲು ಹತ್ತುತ್ತೇವೆ, ಇಳಿಯಲು ಕೂಡ ಹತ್ತುತ್ತೇವೆ. ಹತ್ತಲು ಗುಡ್ಡವಿಲ್ಲದ ಸೀಮೆ ಕ್ರಿಯಾಪದದಲ್ಲಿ ಇಡೀ ದಿನ ಹತ್ತುತ್ತಲೇ ಇರುತ್ತದೆ.

ಎವರೆಸ್ಟ್ ಸಾಹೇಬನ ಸಪಾಟು ನೆಲ

ಸಪಾಟು ನೆಲವನ್ನು ಹಗುರವಾಗಿ ನೋಡಬೇಡಿ. ಜಗತ್ತಿನ ತುತ್ತತುದಿಯ ಕಥೆಯಲ್ಲಿ ಈ ಸೀಮೆಗೊಂದು ಪುಟವಿದೆ.

19ನೇ ಶತಮಾನದಲ್ಲಿ ಬ್ರಿಟಿಷರು ಹಿಂದೂಸ್ತಾನದ ಉದ್ದಕ್ಕೆ ತ್ರಿಕೋನಗಳ ಸರಪಳಿ ಹಾಕಿ ಭೂಮಿಯನ್ನು ಅಳೆಯುತ್ತ ಹೋದರು. ಕನ್ಯಾಕುಮಾರಿಯ ಬಳಿಯಿಂದ ಹಿಮಾಲಯದ ಬುಡದವರೆಗೆ ಚಾಚಿದ ಆ ಬೆನ್ನೆಲುಬಿಗೆ ‘ಮಹಾಚಾಪ’ ಎನ್ನಬಹುದು. ಶುರು ಮಾಡಿದವನು ವಿಲಿಯಂ ಲ್ಯಾಂಬ್ಟನ್, ಮುಗಿಸಿದವನು ಜಾರ್ಜ್ ಎವರೆಸ್ಟ್. ತ್ರಿಕೋನದ ಕೋನಗಳನ್ನು ಗುಡ್ಡದ ಮೇಲೆ ನಿಂತು ಅಳೆಯಬಹುದು. ಆದರೆ ಮೊದಲ ಒಂದು ಗೆರೆಯನ್ನಾದರೂ ಕೈಯಿಂದ, ನೆಲಕ್ಕೆ ಮಂಡಿಯೂರಿ, ಇಂಚಿಂಚು ಅಳೆಯಲೇಬೇಕು. ಅದಕ್ಕೆ ಬೇಕಾದದ್ದು ಮೈಲಿಗಟ್ಟಲೆ ಮಟ್ಟಸ ನೆಲ. ಅಂಥ ನೆಲ ಸಿಕ್ಕ ಜಾಗಗಳಲ್ಲಿ ಬೀದರ್ ಸೀಮೆ ಒಂದು. ಇಲ್ಲಿಂದ ಈಶಾನ್ಯಕ್ಕೆ, ಹದಿನೆಂಟು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ದಾಮರಗಿದ್ದ ಆ ಚಾಪದ ಮುಖ್ಯ ಠಾಣ್ಯಗಳಲ್ಲೊಂದಾಯಿತು. 1841ರಲ್ಲಿ ಎವರೆಸ್ಟನ ಕೈಕೆಳಗಿನ ಅಧಿಕಾರಿ ಆಂಡ್ರ್ಯೂ ವಾ ಬೀದರಿನ ಆಧಾರರೇಖೆಯನ್ನು ಹತ್ತಡಿಯ ಲೋಹದ ಪಟ್ಟಿಗಳಿಂದ ಅಳೆದ. ಬಿಸಿಲಿಗೆ ಹಿಗ್ಗಿದರೂ ಅಳತೆ ಕೆಡದಂತೆ ಹಿತ್ತಾಳೆ–ಕಬ್ಬಿಣಗಳನ್ನು ಜೋಡಿಸಿ ಮಾಡಿದ ಪಟ್ಟಿಗಳವು. ನಮ್ಮ ಬಿಸಿಲಿಗೆ ಅದು ಬೇಕಾಗಿತ್ತು.

ನೆಲದ ಅಳತೆಗೆ ಆಕಾಶದ ಸಾಕ್ಷಿಯೂ ಬೇಕು. ಠಾಣ್ಯದಲ್ಲಿ ನಿಂತು, ಯಾವ ನಕ್ಷತ್ರ ನೆತ್ತಿಗೆ ಎಷ್ಟು ಸಮೀಪ ಹಾಯುತ್ತದೆ ಎಂದು ರಾತ್ರಿಯಿಡೀ ನೋಡಿ ಅಕ್ಷಾಂಶ ಹಿಡಿಯುತ್ತಿದ್ದರು. ಲ್ಯಾಂಬ್ಟನ್ ಹೊತ್ತು ತಿರುಗಿದ ಉಪಕರಣದ ಹೆಸರೇ ‘ಜೆನಿತ್ ಸೆಕ್ಟರ್’, ನೆತ್ತಿ ನೋಡುವ ಯಂತ್ರ. ಸೇರು ಇಟ್ಟುಕೊಂಡು ಕೂತ ನಮ್ಮ ಮುತ್ಯಾ ಮಾಡುತ್ತಿದ್ದುದಕ್ಕೂ ಅದಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲ, ಸೂಕ್ಷ್ಮತೆಯಲ್ಲಿ ಉಂಟು.

ಇದೇ ವಾ ಮುಂದೆ ಸರ್ವೇಯರ್ ಜನರಲ್ ಆದ. ಹಿಮಾಲಯದ ‘ಹದಿನೈದನೇ ಶಿಖರ’ ಎಲ್ಲಕ್ಕಿಂತ ಎತ್ತರ ಎಂದು 1856ರಲ್ಲಿ ಸಾರಿದವನು ಅವನೇ. 29,002 ಅಡಿ ಎಂಬ ಆ ಅಂಕಿಯ ಹಿಂದೆ ಬಂಗಾಳದ ಗಣಿತಜ್ಞ ರಾಧಾನಾಥ ಸಿಕದಾರರಂಥವರ ವರ್ಷಗಳ ದುಡಿಮೆಯಿತ್ತು. ಬೆಟ್ಟದ ಲೆಕ್ಕ ನೇರವಾಗಿ ಬೀದರಿನ ಗೆರೆಯಿಂದ ಹೋದದ್ದಲ್ಲ, ಅದಕ್ಕೆ ಹಿಮಾಲಯದ ಬುಡದಲ್ಲಿ ಬೇರೆ ಗೆರೆಗಳಿದ್ದವು. ದಾಮರಗಿದ್ದದ ಪಾಲು ಇದ್ದದ್ದು ಭೂಮಿಯ ಆಕಾರವನ್ನು ಕಂಡುಹಿಡಿದ ಚಾಪದಲ್ಲಿ. ಉಬ್ಬುತಗ್ಗನ್ನು ಅಳೆಯುವ ಮುನ್ನ ಗುಂಡಗಿರುವುದು ಎಷ್ಟು ಗುಂಡಗಿದೆ ಎಂದು ತಿಳಿಯಬೇಕಲ್ಲ.

ವಾ ಆ ಶಿಖರಕ್ಕೆ ತನ್ನ ಹಿರಿಯನ ಹೆಸರಿಟ್ಟ. ಎವರೆಸ್ಟ್ ಸಾಹೇಬನಿಗೇ ಅದು ಒಪ್ಪಿಗೆಯಿರಲಿಲ್ಲ. ಇಲ್ಲಿನ ಜನಕ್ಕೆ ತನ್ನ ಹೆಸರು ಬರೆಯಲೂ ಬಾರದು, ಹೇಳಲೂ ಬಾರದು ಎಂದ. ಅವನು ತನ್ನನ್ನು ಕರೆದುಕೊಳ್ಳುತ್ತಿದ್ದದ್ದು ‘ಈವ್–ರೆಸ್ಟ್’ ಎಂದು. ಹಾಗಾದರೆ ಇಡೀ ಲೋಕ ತಪ್ಪಾಗಿ ಉಚ್ಚರಿಸುತ್ತಿದೆ.

1472ರ ಮಿನಾರು

ಬೆಟ್ಟ ಕೊಡದಿದ್ದರೆ ಕಟ್ಟಿಕೊಂಡರಾಯಿತು ಎಂದು ಬೀದರಿನವರು ಕಟ್ಟಿದರು. ಕೋಟೆಯಲ್ಲಿ ಬುರುಜು, ಅಷ್ಟೂರಿನಲ್ಲಿ ಗುಮ್ಮಟ, ನಡುಪೇಟೆಯಲ್ಲಿ ಚೌಬಾರಾ. ನಾಲ್ಕು ದಾರಿ ಕೂಡುವಲ್ಲಿ 71 ಅಡಿ ಎತ್ತರಕ್ಕೆ ನಿಂತ ಈ ಗೋಪುರಕ್ಕೆ ಒಳಗೆ ಸುತ್ತುಮೆಟ್ಟಿಲು. ಮೇಲೆ ನಿಂತವನಿಗೆ ಸುತ್ತಲಿನ ಬಯಲೆಲ್ಲ ಕಾಣಬೇಕು ಎಂಬುದು ಲೆಕ್ಕ. ಎತ್ತರವನ್ನು ಕಾವಲಿಗೆ ಬಳಸಿದ ಸೀಮೆಯಿದು. ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಹುಡೆಗಳೆಂಬ ಕಾವಲುಗೋಪುರಗಳೂ ಅದಕ್ಕೇ ಎದ್ದವು. ಊರಕೋಟೆಯ ಒಂದು ಬುರುಜು ಕುಳ್ಳಾಗಿದ್ದದ್ದಕ್ಕೆ ಜನ ಬಿಡದೆ ‘ಮುಂಡಾ ಬುರುಜು’ ಎಂದು ಹೆಸರಿಟ್ಟಿದ್ದಾರೆ. ತುದಿಯಿಲ್ಲದ್ದಕ್ಕೂ ಒಂದು ಹೆಸರು ಬೇಕೇಬೇಕು.

ಇವೆಲ್ಲವುಗಳ ನಡುವೆ ಮನಸ್ಸು ಹಿಡಿದು ನಿಲ್ಲಿಸುವುದು ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಅವನು. 1472ರಲ್ಲಿ ಮದರಸಾ ಎದ್ದು ನಿಂತಿತು. ಮೂರು ಅಂತಸ್ತು, ಮುಂಭಾಗದಲ್ಲಿ ಸುಮಾರು 130 ಅಡಿ ಎತ್ತರದ ಮಿನಾರುಗಳು, ಮೈಗೆಲ್ಲ ಬಣ್ಣಬಣ್ಣದ ಹೊಳಪು ಬಿಲ್ಲೆಗಳು. ಅದೇ ವರ್ಷ ಗೋವೆಯನ್ನು ಗೆದ್ದು ಅವನು ಮರಳಿದ. ಪುಸ್ತಕಗಳು ಇದನ್ನು ಬಹಮನಿಗಳ ‘ಉಚ್ಛ್ರಾಯ ಕಾಲ’ ಎನ್ನುತ್ತವೆ.

ಆಸ್ಥಾನದಲ್ಲಿ ಎತ್ತರ ಎಲ್ಲರಿಗೂ ಕಾಣುತ್ತದೆ, ಅದೇ ತೊಡಕು. ಆಗದವರು ಗವಾನನ ಮೊಹರು ಒತ್ತಿಸಿದ ಖಾಲಿ ಕಾಗದ ಸಂಪಾದಿಸಿ, ಶತ್ರುರಾಜನಿಗೆ ಬರೆದ ಪತ್ರವೊಂದನ್ನು ಹುಟ್ಟಿಸಿದರು. ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲಿನಲ್ಲಿ ಮುದುಕನ ತಲೆ ಹಾರಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳು. ಮಿನಾರು ಎದ್ದದ್ದಕ್ಕೂ ಕಟ್ಟಿಸಿದವನ ತಲೆ ಬಿದ್ದದ್ದಕ್ಕೂ ನಡುವೆ ಒಂಬತ್ತು ವರ್ಷ.

17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಮದರಸಾದೊಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರೂ ಮುಂಭಾಗದ ಅರ್ಧವೂ ಹಾರಿಹೋದವು. ಉಳಿದ ಒಂದೇ ಮಿನಾರು ಇಂದಿಗೂ ನಿಂತಿದೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಷಾನ ಗುಮ್ಮಟವೂ ಸಿಡಿಲಿಗೆ ಸೀಳಿ, ಕೊಯ್ದ ಈರುಳ್ಳಿಯಂತೆ ಒಳಗಿನ ಪದರು ತೋರಿಸುತ್ತ ನಿಂತಿದೆ. ಗುಮ್ಮಟ ಹೇಗೆ ಕಟ್ಟುತ್ತಾರೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಪೂರ್ತಿ ಇರುವ ಗುಮ್ಮಟ ಏನನ್ನೂ ಹೇಳಿಕೊಡದು.

ಪತ್ರಿಕೆಯವರ ತಾರಕ

ನಮ್ಮ ಕಸುಬಿನವರ ಮೇಲೂ ಒಂದು ದೂರಿದೆ. ಪತ್ರಿಕೆಯಲ್ಲಿ ಯಾವ ಜಗಳವೂ ಸುಮ್ಮನೆ ಹೆಚ್ಚಾಗುವುದಿಲ್ಲ, ‘ತಾರಕಕ್ಕೇರುತ್ತದೆ’. ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳಲ್ಲಿ ಮೇಲಿನದು ತಾರ. ಗಾಯಕ ತಾರಷಡ್ಜ ಮುಟ್ಟಿದಾಗ ಸಭೆ ಉಸಿರು ಹಿಡಿಯುತ್ತದೆ. ಪಂಚಾಯಿತಿ ಸದಸ್ಯರು ಮುಟ್ಟಿದಾಗ ನಾವು ಮೂರನೇ ಪುಟದಲ್ಲಿ ಹಾಕುತ್ತೇವೆ. ಪ್ರಚಾರ ‘ಉತ್ತುಂಗದ ಶಿಖರ’ಕ್ಕೇರುವುದೂ ಉಂಟು. ಉತ್ತುಂಗ ಎಂದರೇ ಎತ್ತರ. ಎತ್ತರದ ಎತ್ತರ ಎಂದಂತಾಯಿತು.

ನನಗೆ ಹೆಚ್ಚು ಇಷ್ಟದ್ದು ‘ಪರಾಕಾಷ್ಠೆ’. ಕೇಳಿದರೆ ಮೋಡದ ಮೇಲೆ ಕೂತಂತಿದೆ. ಆದರೆ ‘ಕಾಷ್ಠಾ’ ಎಂಬುದಕ್ಕೆ ವೇದಕಾಲದಲ್ಲಿ ರಥದ ಓಟದ ಗುರಿಗುರುತು ಎಂಬ ಅರ್ಥವಿತ್ತು. ಬಯಲಿನಲ್ಲಿ ಓಡಿ ಓಡಿ ಮುಟ್ಟುವ ಆಚೆಯ ಗೂಟ. ಪರಾಕಾಷ್ಠೆ ಎಂದರೆ ಮೇಲಿನದಲ್ಲ, ತೀರಾ ಆಚೆಯದು. ನಮ್ಮ ತುದಿಯ ಹಾಗೆ ಅದೂ ಬಯಲುನಾಡಿನ ಪದ.

> ಮೂರು ಅಕ್ಷರಗಳ ರಗಳೆ
> ‘ಉಚ್ಛ ನ್ಯಾಯಾಲಯ’ ಎಂದು ಬೋರ್ಡು ಬರೆಯುವವರಿದ್ದಾರೆ. ಸರಿಯಾದದ್ದು ಉಚ್ಚ, ಮಹಾಪ್ರಾಣವಿಲ್ಲ. ಮಹಾಪ್ರಾಣ ಬೇಕಾದದ್ದು ಉಚ್ಛ್ರಾಯಕ್ಕೆ. ಉತ್ ಜೊತೆ ಶ್ರಾಯ ಸೇರಿದಾಗ ಅಲ್ಲಿ ಛಕಾರ ಹುಟ್ಟುತ್ತದೆ. ಪರಾಕಾಷ್ಠೆಯಲ್ಲಿ ಇರಬೇಕಾದದ್ದು ಠ, ಟ ಅಲ್ಲ.
> ಜ್ಯೋತಿಷದಲ್ಲಿ ಸೂರ್ಯ ‘ಪರಮೋಚ್ಚ’ನಾಗುವುದು ಮೇಷದ ಹತ್ತನೇ ಡಿಗ್ರಿಯಲ್ಲಿ, ಅಂದರೆ ಏಪ್ರಿಲ್ 24ರ ಸುಮಾರಿಗೆ. ಬೆಂಗಳೂರಿನಲ್ಲಿ ನೆರಳಿಲ್ಲದ ದಿನವೂ ಅದೇ ಎಂಬುದು ಬರೀ ಕಾಕತಾಳೀಯ. ಅವನ ‘ನೀಚ’ಸ್ಥಾನ ತುಲೆಯ ಹತ್ತನೇ ಡಿಗ್ರಿ, ಚಕ್ರದಲ್ಲಿ ಸರಿಯಾಗಿ ಎದುರುಬದುರು.

ಚಿನ್ನದ ಶೂಲ, ತೊಗರಿಯ ಕುಡಿ

ಎತ್ತರದ ಮಾತುಗಳನ್ನು ಗುಮಾನಿಯಿಂದ ನೋಡಲು ಕಲಿಸಿದವನು ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಾಳಿದ ಬಸವಣ್ಣ. ಉಳ್ಳವರು ಕಟ್ಟಿಸುವ ಗುಡಿಗೆ ಎದುರಾಗಿ ತನ್ನ ಮೈಯನ್ನೇ ಗುಡಿಯೆಂದು, ತಲೆಯನ್ನೇ ಅದರ ಕಳಸವೆಂದು ನಿಲ್ಲಿಸಿದ. ಕಳಸ ಮತ್ತೆ ತಲೆಗೇ ಬಂದು ಕೂತಿತು. ಹೊಗಳಿಕೆಗೆ ಅವನು ಇಟ್ಟ ಹೆಸರು ‘ಹೊನ್ನಶೂಲ’. ಶೂಲ ಚಿನ್ನದ್ದಾದರೂ ಏರಿದವನಿಗೆ ಆಗುವುದು ಒಂದೇ. ಸನ್ಮಾನ ಸಮಾರಂಭಗಳ ಸುಗ್ಗಿ ನಡೆದಿರುವ ಈ ದಿನಗಳಲ್ಲಿ ಆ ಒಂದು ಪದವನ್ನು ವೇದಿಕೆಯ ಬ್ಯಾನರಿನ ಹಿಂಬದಿಯಲ್ಲಾದರೂ ಬರೆಸಿಡಬಹುದು.

ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ತುದಿಯ ಬಗ್ಗೆ ಇನ್ನೂ ನೇರವಾದ ತಿಳಿವಳಿಕೆ ಇದೆ. ತೊಗರಿ ಗಿಡ ನೆಟ್ಟಗೆ ಮೇಲೇಳುತ್ತಿರುವಾಗಲೇ ಕುಡಿ ಚಿವುಟುತ್ತಾರೆ. ತುದಿ ಹೋದ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕವಲಿಗೆ ಹೂ, ಹೂವಿಗೆ ಕಾಯಿ. ಗಿಡದ ತುದಿಯಲ್ಲಿ ಹುಟ್ಟುವ ಬೆಳವಣಿಗೆಯ ರಸವೊಂದು ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಕಳಚಿದರೆ ತಡೆ ಹೋಯಿತು. ಕಡಲೆಯಲ್ಲೂ ಹೀಗೇ. ಚಿವುಟಿದ ಕಡಲೆಯ ಕುಡಿ ವ್ಯರ್ಥವಾಗದು, ಹುಳಿಹುಳಿಯಾದ ಪಲ್ಯವಾಗಿ ರೊಟ್ಟಿಯ ಮೇಲೆ ಬರುತ್ತದೆ. ಹೊಲದವರ ಈ ಚಿವುಟುವ ಕೈಯನ್ನು ಸುಲ್ತಾನ ತನ್ನ ಪ್ರಧಾನಿ ಗವಾನನ ಮೇಲೆ ತಪ್ಪಾಗಿ ಆಡಿಸಿದ.

ಅದೇ ತೊಗರಿ ಅಡತಿ ಅಂಗಡಿಗೆ ಬಂದಾಗ ಮಾತು ಬದಲಾಗುತ್ತದೆ. ಭಾವ ಏರಿದರೆ ‘ತೇಜಿ’, ಇಳಿದರೆ ‘ಮಂದಿ’. ಮಾರುವ ದಿನ ಮಂದಿಯೂ ಬೀಜ ಕೊಳ್ಳುವ ದಿನ ತೇಜಿಯೂ ಇರುವುದು ಒಕ್ಕಲಿಗನ ಹಣೆಬರಹ. ಇನ್ನು ಬಂಗಾರದ ಮಾತೆತ್ತಿದರೆ ‘ಮುಗಿಲಿಗೆ ಹೋಗ್ಯಾದ’. ತೆಂಕಣದವರಿಗೆ ಮುಗಿಲು ಎಂದರೆ ಮೋಡ. ನಮಗೆ ಇಡೀ ಆಕಾಶವೇ ಮುಗಿಲು. ಹಾಗಾಗಿ ಒಂದೇ ಬೆಲೆ ಮೈಸೂರಿನಲ್ಲಿ ಮೋಡದವರೆಗೆ ಹೋಗಿ ನಿಂತರೆ ಬೀದರಿನಲ್ಲಿ ಅದಕ್ಕೂ ಆಚೆ ಹೋಗಿರುತ್ತದೆ. ಕಿರೀಟದವರಿಗೆ ಅಷ್ಟಾದರೂ ಎತ್ತರ ಸಲ್ಲಬೇಕು.

ಮಾಳಿಗೆಯ ಮೇಲೆ ಈಗ ಹನ್ನೆರಡೂ ಇಪ್ಪತ್ತೈದು. ಸೇರಿನ ಮೂಡಣ ಅಂಚಿನಲ್ಲಿ ಮಸಿಗೆರೆಯಂತೆ ನೆರಳು ಹೊರಗೆ ಬಂದಿದೆ. ಹುಡುಗ ಅದರ ಪಕ್ಕ ಪೆನ್ಸಿಲಿನಿಂದ ಗೀಟು ಹಾಕಿದ. ಪಕ್ಕದ ಮಾಳಿಗೆಯ ಚಾಚಾ ತೋಳು ಮಡಚುತ್ತ ನಮಾಜಿಗೆ ಮುನ್ನ ವಜೂ ಮಾಡಲು ಕೆಳಗಿಳಿದರು. ಕಾದ ಸೇರನ್ನು ಟವಲಿನ ತುದಿಯಿಂದ ಹಿಡಿದೆತ್ತಿದ ಮುತ್ಯಾ, “ಮುಗೀತೇನಪಾ? ನಾಳಿ ಭೀ ಹೀಂಗೇ ಇರ್ತದೇನು?” ಎಂದು ಕೇಳಿದರು.

“ಇಲ್ಲ ಮುತ್ಯಾ. ನಾಳಿಂದ ನಡುಹಗಲಿ ನೆಳ್ಳು ಬೆಂಗಳೂರ ಕಡಿ ಬೀಳ್ತದ.”